ಜಠರವಿಲ್ಲದೆಯೂ ಊಟವುಂಟು: ಜಠರ ತೆಗೆಯುವ ಶಸ್ತ್ರಚಿಕಿತ್ಸೆಗೆ ಸಿದ್ಧತೆ, ಆನಂತರದ ಚೇತರಿಕೆ

"ಹೊಟ್ಟೆಯನ್ನೇ ತೆಗೆದುಬಿಟ್ಟರೆ ಇನ್ನು ಊಟ ಮಾಡುವುದು ಹೇಗೆ?" ಜಠರದ ಕ್ಯಾನ್ಸರ್ ಎಂದು ತಿಳಿದುಬಂದ ದಿನ ವೈದ್ಯರ ಕೊಠಡಿಯಲ್ಲಿ ಬಹುತೇಕ ಕುಟುಂಬಗಳು ಕೇಳುವ ಮೊದಲ ಪ್ರಶ್ನೆ ಇದೇ. ಪ್ರಶ್ನೆ ಸಹಜವಾದದ್ದು. ನಮ್ಮ ಆಡುಮಾತಿನಲ್ಲಿ ಹೊಟ್ಟೆ ಎಂದರೆ ಬರಿಯ ಅಂಗವಲ್ಲ, ಬದುಕೇ ಹೌದು. ದುಡಿಮೆಯನ್ನು ನಾವು 'ಹೊಟ್ಟೆಪಾಡು' ಎಂದೇ ಕರೆಯುತ್ತೇವೆ. ಆದರೆ ವೈದ್ಯಕೀಯ ಉತ್ತರ ನೇರವಾಗಿದೆ: ಜಠರವನ್ನು ಪೂರ್ಣವಾಗಿ ತೆಗೆದ ಮೇಲೂ ಮನುಷ್ಯ ಬಾಯಿಯಿಂದಲೇ ಉಣ್ಣಬಲ್ಲ, ಕೆಲಸಕ್ಕೆ ಹೋಗಬಲ್ಲ, ಹತ್ತಾರು ವರ್ಷ ಬದುಕಬಲ್ಲ. ಆದರೆ ಉಣ್ಣುವ ಕ್ರಮ ಬದಲಾಗಬೇಕು, ಕೆಲವು ಔಷಧಗಳನ್ನು ಜೀವನಪರ್ಯಂತ ಮರೆಯದೆ ತೆಗೆದುಕೊಳ್ಳಬೇಕು. ಈ ಎರಡು ಮಾತುಗಳ ವಿವರಣೆಯೇ ಈ ಲೇಖನ.

ಜಠರದ ಕೆಲಸವೇನು?

ಜಠರವು ಅನ್ನನಾಳ ಹಾಗೂ ಸಣ್ಣಕರುಳಿನ ನಡುವಿನ ಒಂದು ಸ್ನಾಯುಚೀಲ. ತುಂಬಿದಾಗ ಸುಮಾರು ಒಂದರಿಂದ ಒಂದೂವರೆ ಲೀಟರ್ ಆಹಾರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆಹಾರವನ್ನು ಕಡೆದು, ಆಮ್ಲ ಹಾಗೂ ಪೆಪ್ಸಿನ್ ಎಂಬ ಕಿಣ್ವದೊಡನೆ ಬೆರೆಸಿ, ತೆಳುವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ನಾವು ತಿಂದ ಪೌಷ್ಟಿಕಾಂಶಗಳಲ್ಲಿ ಬಹುಪಾಲು ರಕ್ತಕ್ಕೆ ಸೇರುವುದು ಜಠರದಲ್ಲಿ ಅಲ್ಲ, ಸಣ್ಣಕರುಳಿನಲ್ಲಿ. ಜಠರವಿಲ್ಲದೆ ಬದುಕಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಆದರೆ ಜಠರ ಹೋದಾಗ ಮೂರು ಅನುಕೂಲಗಳು ಕೈತಪ್ಪುತ್ತವೆ. ಮೊದಲನೆಯದು, ಒಂದೇ ಸಲಕ್ಕೆ ಹೆಚ್ಚು ಉಣ್ಣಲು ಬೇಕಾದ ಸ್ಥಳಾವಕಾಶ. ಎರಡನೆಯದು, ಆಹಾರವನ್ನು ನಿಧಾನವಾಗಿ ಕರುಳಿಗೆ ಬಿಡುವ ಬಾಗಿಲು. ಮೂರನೆಯದು ಕಣ್ಣಿಗೆ ಕಾಣದ್ದು: ಬಿ 12 ಜೀವಸತ್ವವನ್ನು ದೇಹ ಹೀರಿಕೊಳ್ಳಲು ಅಗತ್ಯವಾದ, ಜಠರದ ಗೋಡೆಯಲ್ಲಿ ಮಾತ್ರ ಯಥೇಷ್ಟವಾಗಿ ತಯಾರಾಗುವ ಒಂದು ಪ್ರೋಟೀನು. ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರರ ಕೊರತೆಯಿಂದಲೇ ಹುಟ್ಟುತ್ತವೆ.

ಯಾರಿಗೆ ಈ ಶಸ್ತ್ರಚಿಕಿತ್ಸೆ?

ಮುಖ್ಯ ಕಾರಣ ಜಠರದ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ವಿಶ್ವದಾದ್ಯಂತ ಸುಮಾರು 9.7 ಲಕ್ಷ ಮಂದಿಯಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು; ಸುಮಾರು 6.6 ಲಕ್ಷ ಮಂದಿ ಇದರಿಂದ ಮೃತಪಟ್ಟರು. ಭಾರತದಲ್ಲಿ ಮಿಜೋರಾಂ ರಾಜ್ಯದಲ್ಲಿ ಇದರ ಪ್ರಮಾಣ ಅತಿ ಹೆಚ್ಚು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದ ದೀರ್ಘಕಾಲದ ಸೋಂಕು, ತಂಬಾಕು, ಅತಿಯಾದ ಉಪ್ಪು, ಹೊಗೆಯಲ್ಲಿ ಒಣಗಿಸಿದ ಆಹಾರ ಇವು ಅಪಾಯವನ್ನು ಹೆಚ್ಚಿಸುತ್ತವೆ. ಈ ಬ್ಯಾಕ್ಟೀರಿಯಕ್ಕೂ ಜಠರದ ಹುಣ್ಣಿಗೂ ಇರುವ ಸಂಬಂಧವನ್ನು ಕಂಡುಹಿಡಿದ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಹಿಂದೆ ಹುಣ್ಣಿಗಾಗಿಯೇ ಜಠರದ ಭಾಗವನ್ನು ಕತ್ತರಿಸುತ್ತಿದ್ದರು. ಇಂದು ಮಾತ್ರೆಗಳಿಂದಲೇ ಹುಣ್ಣು ಗುಣವಾಗುವುದರಿಂದ, ರಕ್ತಸ್ರಾವ ನಿಲ್ಲದಿದ್ದಾಗ ಅಥವಾ ದೊಡ್ಡ ರಂಧ್ರವಾದಾಗ ಮಾತ್ರ ಅಂಥ ಪ್ರಸಂಗ ಬರುತ್ತದೆ.

ರೋಗವಿಲ್ಲದೆಯೂ ಜಠರ ತೆಗೆಸಿಕೊಳ್ಳುವವರು ಇದ್ದಾರೆ. ಸಿಡಿಎಚ್ 1 ಎಂಬ ವಂಶವಾಹಿಯ ದೋಷವಿರುವ ಕುಟುಂಬಗಳಲ್ಲಿ ಜಠರದ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆಂಬುದು 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರ ಅಧ್ಯಯನದಿಂದ ಖಚಿತವಾಯಿತು. ಅಂಥವರಿಗೆ ಮುನ್ನೆಚ್ಚರಿಕೆಯಾಗಿ ಜಠರ ತೆಗೆಯುವ ಸಲಹೆ ನೀಡಲಾಗುತ್ತದೆ. ತೂಕ ಇಳಿಸಲು ಜಠರದ ಒಂದು ಪಾರ್ಶ್ವವನ್ನು ಉದ್ದಕ್ಕೆ ಕತ್ತರಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಬೇರೆಯೇ ಉದ್ದೇಶದ್ದು. ಇಲ್ಲಿ ಅದರ ವಿವರಕ್ಕೆ ಹೋಗಿಲ್ಲ.

ನೂರಾ ನಲವತ್ತು ವರ್ಷಗಳ ಹಾದಿ

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋತ್ ಅವರು 43 ವರ್ಷದ ಮಹಿಳೆಯೊಬ್ಬರ ಜಠರದ ಕ್ಯಾನ್ಸರ್ ಪೀಡಿತ ಭಾಗವನ್ನು ಯಶಸ್ವಿಯಾಗಿ ತೆಗೆದರು. ಆಕೆ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡರೂ ರೋಗ ಮರುಕಳಿಸಿ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡರು. 1897ರಲ್ಲಿ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನೇ ತೆಗೆದು ರೋಗಿಯನ್ನು ಉಳಿಸಿದರು. ಕರುಳನ್ನು 'ವೈ' ಅಕ್ಷರದ ಆಕಾರದಲ್ಲಿ ಜೋಡಿಸುವ, ಇಂದಿಗೂ ಬಳಕೆಯಲ್ಲಿರುವ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಸೀಸರ್ ರೂ ಅವರ ಹೆಸರೇ ಉಳಿದಿದೆ.

ಎಷ್ಟು ತೆಗೆಯುತ್ತಾರೆ, ಹೇಗೆ ಜೋಡಿಸುತ್ತಾರೆ?

ಗೆಡ್ಡೆ ಎಲ್ಲಿದೆ, ಎಷ್ಟು ಆಳಕ್ಕಿಳಿದಿದೆ ಎಂಬುದರ ಮೇಲೆ ಇದು ನಿರ್ಧಾರವಾಗುತ್ತದೆ. ಒಳಪೊರೆಗೆ ಮಾತ್ರ ಸೀಮಿತವಾದ ಅತಿ ಆರಂಭದ ಗೆಡ್ಡೆಯನ್ನು ಕೆಲವೊಮ್ಮೆ ಎಂಡೋಸ್ಕೋಪಿಯ ಮೂಲಕವೇ ಕೆತ್ತಿ ತೆಗೆಯಬಹುದು. ಗೆಡ್ಡೆ ಜಠರದ ಕೆಳಭಾಗದಲ್ಲಿದ್ದರೆ ಮೇಲಿನ ಒಂದಿಷ್ಟು ಭಾಗವನ್ನು ಉಳಿಸಿಕೊಳ್ಳಲಾಗುತ್ತದೆ. ಗೆಡ್ಡೆ ಮೇಲ್ಭಾಗದಲ್ಲಿದ್ದರೆ ಅಥವಾ ಗೋಡೆಯುದ್ದಕ್ಕೂ ಹರಡಿದ್ದರೆ ಸಾಮಾನ್ಯವಾಗಿ ಇಡೀ ಜಠರವನ್ನು ತೆಗೆಯಬೇಕಾಗುತ್ತದೆ. ಆಗ ಸಣ್ಣಕರುಳಿನ ಒಂದು ಭಾಗವನ್ನು ಮೇಲಕ್ಕೆಳೆದು ಅನ್ನನಾಳಕ್ಕೆ ನೇರವಾಗಿ ಜೋಡಿಸುತ್ತಾರೆ. ಪಿತ್ತರಸ ಹಾಗೂ ಮೇದೋಜೀರಕ ರಸ ಹರಿದುಬರುವ ಕರುಳಿನ ತುದಿಯನ್ನು ಇನ್ನಷ್ಟು ಕೆಳಗೆ ಸೇರಿಸುತ್ತಾರೆ. ಈ ರಸಗಳು ಗಂಟಲಿಗೆ ಉಕ್ಕಿಬಾರದಿರಲಿ ಎಂಬುದೇ ಇದರ ಉದ್ದೇಶ.

ಕ್ಯಾನ್ಸರ್ ಆಗಿದ್ದಲ್ಲಿ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವುದು ಶಸ್ತ್ರಚಿಕಿತ್ಸೆಯ ಅವಿಭಾಜ್ಯ ಅಂಗ. ರೋಗದ ಹಂತವನ್ನು ಸರಿಯಾಗಿ ಅಳೆಯಲು ಕನಿಷ್ಠ 16 ಗ್ರಂಥಿಗಳ ಪರೀಕ್ಷೆ ಆಗಬೇಕೆಂಬುದು ಒಪ್ಪಿತ ಮಾನದಂಡ. ಇದು ಸಾಮಾನ್ಯವಾಗಿ ಹಲವು ಗಂಟೆಗಳ, ಅನುಭವ ಬೇಡುವ ಕೆಲಸ. ಆದ್ದರಿಂದ ಇಂಥ ಶಸ್ತ್ರಚಿಕಿತ್ಸೆಗಳು ನಿಯಮಿತವಾಗಿ ನಡೆಯುವ ಆಸ್ಪತ್ರೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. "ನಿಮ್ಮಲ್ಲಿ ವರ್ಷಕ್ಕೆ ಇಂಥವು ಎಷ್ಟು ನಡೆಯುತ್ತವೆ?" ಎಂದು ಕೇಳಲು ಸಂಕೋಚ ಬೇಡ.

ಸಿದ್ಧತೆ: ಕಾಯುವ ವಾರಗಳು ವ್ಯರ್ಥವಲ್ಲ

ಎಂಡೋಸ್ಕೋಪಿ ಹಾಗೂ ಬಯಾಪ್ಸಿಯಿಂದ ರೋಗ ಖಚಿತವಾದ ಮೇಲೆ ಸಿ.ಟಿ. ಸ್ಕ್ಯಾನ್ ಮಾಡಿ, ಕೆಲವರಿಗೆ ಲ್ಯಾಪ್ರೊಸ್ಕೋಪಿಯ ಮೂಲಕ ಹೊಟ್ಟೆಯೊಳಗೆ ನೋಡಿ, ರೋಗ ಹರಡಿದೆಯೇ ಎಂದು ತಿಳಿದುಕೊಳ್ಳುತ್ತಾರೆ. ಗೆಡ್ಡೆ ಆಳಕ್ಕೆ ಇಳಿದಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೆಲವು ಸುತ್ತು ಕಿಮೊಥೆರಪಿ, ಬಳಿಕ ಮತ್ತೆ ಕೆಲವು ಸುತ್ತು ನೀಡುವುದು ಇಂದಿನ ರೂಢಿ. "ತಕ್ಷಣ ಕತ್ತರಿಸಿ ತೆಗೆಯದೆ ಏಕೆ ತಡಮಾಡುತ್ತಿದ್ದಾರೆ?" ಎಂದು ಮನೆಯವರು ಆತಂಕಪಡುವುದುಂಟು. ಇದು ತಡವಲ್ಲ, ಚಿಕಿತ್ಸೆಯ ಮೊದಲ ಹಂತ.

ಈ ವಾರಗಳಲ್ಲಿ ರೋಗಿ ಮಾಡಬಹುದಾದದ್ದು ಬಹಳಷ್ಟಿದೆ.

ಪೌಷ್ಟಿಕತೆ: ಜಠರದ ರೋಗಿಗಳು ಆಸ್ಪತ್ರೆಗೆ ಬರುವ ವೇಳೆಗಾಗಲೇ ತೂಕ ಕಳೆದುಕೊಂಡಿರುತ್ತಾರೆ. ಸೊರಗಿದ ದೇಹದಲ್ಲಿ ಹೊಲಿಗೆ ಬೇಗ ಮಾಯುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಮೊಟ್ಟೆ, ಮೀನು, ಬೇಳೆ, ಮೊಸರು, ಪನೀರ್‌ನಂಥ ಪ್ರೋಟೀನುಯುಕ್ತ ಆಹಾರವನ್ನು ದಿನಕ್ಕೆ ಆರೇಳು ಬಾರಿ ಸ್ವಲ್ಪಸ್ವಲ್ಪವೇ ಕೊಡಬೇಕು. ತೂಕ ತೀರಾ ಇಳಿದಿದ್ದರೆ ಶಸ್ತ್ರಚಿಕಿತ್ಸೆಯನ್ನು ಒಂದೆರಡು ವಾರ ಮುಂದೂಡಿಯಾದರೂ, ಅಗತ್ಯಬಿದ್ದರೆ ಕೊಳವೆಯ ಮೂಲಕವಾದರೂ ಪೋಷಣೆ ನೀಡುತ್ತಾರೆ. ರಕ್ತಹೀನತೆಯಿದ್ದರೆ ಕಬ್ಬಿಣಾಂಶ ಕೊಟ್ಟು ಸರಿಪಡಿಸುತ್ತಾರೆ.

ಹಲ್ಲು: ಇದನ್ನು ಬಹಳ ಮಂದಿ ಮರೆಯುತ್ತಾರೆ. ಜಠರ ಹೋದ ಮೇಲೆ ಅರೆಯುವ ಕೆಲಸವೆಲ್ಲ ಬಾಯಿಯ ಪಾಲಿಗೆ ಬರುತ್ತದೆ. ಹುಳುಕು ಹಲ್ಲನ್ನು ಸರಿಪಡಿಸಿಕೊಳ್ಳುವುದು, ಸಡಿಲವಾದ ದಂತಪಂಕ್ತಿಯನ್ನು ಬದಲಿಸಿಕೊಳ್ಳುವುದು ಮೊದಲೇ ಆಗಬೇಕು. ಕಿಮೊಥೆರಪಿ ನಡೆಯುತ್ತಿದ್ದರೆ ಆ ವೈದ್ಯರ ಒಪ್ಪಿಗೆ ಪಡೆದೇ ದಂತವೈದ್ಯರಲ್ಲಿಗೆ ಹೋಗಬೇಕು.

ಉಸಿರು: ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲು ಪೂರ್ಣವಾಗಿ ಬಿಡಬೇಕು. ಮೂರು ಚೆಂಡುಗಳಿರುವ ಸ್ಪೈರೋಮೀಟರ್‌ನಲ್ಲಿ ದೀರ್ಘವಾಗಿ ಉಸಿರೆಳೆಯುವ ಅಭ್ಯಾಸವನ್ನು ಮನೆಯಲ್ಲೇ ಆರಂಭಿಸಬಹುದು. ದಿನಕ್ಕೆ ಅರ್ಧ ಗಂಟೆಯ ನಡಿಗೆ ಅಷ್ಟೇ ಉಪಯುಕ್ತ. ಶಸ್ತ್ರಚಿಕಿತ್ಸೆಯ ನಂತರ ನ್ಯುಮೋನಿಯ ಬಾರದಂತೆ ತಡೆಯುವ ಅಗ್ಗದ ಮದ್ದುಗಳು ಇವು.

ಔಷಧಗಳು: ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು, ರಕ್ತ ತೆಳುವಾಗಿಸುವ ಔಷಧಗಳು, ನಾಟಿ ಮತ್ತು ಆಯುರ್ವೇದ ಔಷಧಗಳು, ಎಲ್ಲವನ್ನೂ ವೈದ್ಯರ ಮುಂದೆ ಇಡಬೇಕು. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು, ಯಾವುದನ್ನೂ ಮುಚ್ಚಿಡಬಾರದು.

ಉಪವಾಸ: ಅರಿವಳಿಕೆಗೆ ಆರು ಗಂಟೆ ಮೊದಲು ಘನಾಹಾರ, ಎರಡು ಗಂಟೆ ಮೊದಲು ನೀರು ನಿಲ್ಲಿಸುವುದು ಸಾಮಾನ್ಯ ನಿಯಮ. ಆದರೆ ಗೆಡ್ಡೆಯಿಂದ ಜಠರದ ಬಾಯಿ ಕಟ್ಟಿಕೊಂಡಿದ್ದರೆ ಈ ನಿಯಮ ಸಾಲದು. ಮೂಗಿನ ಕೊಳವೆಯಿಂದ ಜಠರವನ್ನು ಖಾಲಿ ಮಾಡಬೇಕಾಗಬಹುದು. ಆಸ್ಪತ್ರೆಯ ಸೂಚನೆಯೇ ಅಂತಿಮ.

ಮುಚ್ಚಿಡುವುದು ಮೇಲೋ, ತಿಳಿಸುವುದು ಮೇಲೋ?

"ಅಪ್ಪನಿಗೆ ಬರೀ ಅಲ್ಸರ್ ಅಂತ ಹೇಳಿ ಡಾಕ್ಟ್ರೇ" ಎಂದು ಮಕ್ಕಳು ಬೇಡಿಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ. ಪ್ರೀತಿಯಿಂದ ಹುಟ್ಟಿದ ಈ ಸುಳ್ಳು ಜಠರದ ವಿಷಯದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಮಾರನೆಯ ದಿನದಿಂದಲೇ ಊಟದ ಅಳತೆ ತುತ್ತುಗಳಿಗೆ ಇಳಿಯುತ್ತದೆ, ಜೀವನಪರ್ಯಂತ ಚುಚ್ಚುಮದ್ದು ಬೇಕಾಗುತ್ತದೆ. ಕಾರಣ ತಿಳಿಯದವರು ಇದನ್ನೆಲ್ಲ ಪಾಲಿಸುವುದಾದರೂ ಹೇಗೆ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ರೋಗಿಯೇ. ಎಷ್ಟು ತೆಗೆಯುತ್ತಾರೆ, ಅಪಾಯಗಳೇನು, ಬೇರೆ ದಾರಿ ಇದೆಯೇ, ಹೊಟ್ಟೆ ತೆರೆದು ನೋಡಿದಾಗ ರೋಗ ಹರಡಿದ್ದರೆ ಏನು ಮಾಡುತ್ತಾರೆ, ಈ ಪ್ರಶ್ನೆಗಳಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರ ಸಿಗಬೇಕು.

ಖರ್ಚಿನ ಚಿಂತೆ

ರಾಜ್ಯದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಇತರರಿಗೆ ನಿಗದಿತ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ದೊರೆಯುತ್ತದೆ. ಕೆಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ವಿಚಾರಿಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೇ ಮೀಸಲಾದ ಸರ್ಕಾರಿ ಸಂಸ್ಥೆ. ಕಲಬುರಗಿಯಲ್ಲೂ ಅದರ ಕೇಂದ್ರವಿದೆ.

ಆಸ್ಪತ್ರೆಯ ದಿನಗಳು

ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ದಿನ ತೀವ್ರ ನಿಗಾ ಘಟಕದಲ್ಲಿ ಇರಬೇಕಾಗಬಹುದು. ಮೂತ್ರದ ಕೊಳವೆ, ಹೊಟ್ಟೆಯ ಪಕ್ಕದಲ್ಲಿ ದ್ರವ ಹೊರಬರುವ ಕೊಳವೆ, ಬೆನ್ನಿನಲ್ಲಿ ನೋವು ನಿವಾರಣೆಯ ತೆಳುನಳಿಕೆ, ಕೆಲವರಿಗೆ ಕರುಳಿಗೆ ಆಹಾರ ಕೊಡುವ ಕೊಳವೆ, ಇವನ್ನೆಲ್ಲ ಕಂಡು ಮನೆಯವರು ಗಾಬರಿಯಾಗಬಾರದು. ಒಂದೊಂದಾಗಿ ಇವೆಲ್ಲ ಹೊರಬರುತ್ತವೆ.

ಮಾರನೆಯ ದಿನವೇ ಎಬ್ಬಿಸಿ ಕೂರಿಸುತ್ತಾರೆ, ನಡೆಸುತ್ತಾರೆ. ಇದು ನಿರ್ದಯೆಯಲ್ಲ. ನಡಿಗೆಯಿಂದ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು ತಪ್ಪುತ್ತದೆ, ಶ್ವಾಸಕೋಶ ತೆರೆದುಕೊಳ್ಳುತ್ತದೆ, ಕರುಳು ಚುರುಕಾಗುತ್ತದೆ. ನೋವಿದ್ದರೆ ಸಹಿಸಿಕೊಂಡು ಮಲಗಬಾರದು, ಕೂಡಲೇ ಹೇಳಬೇಕು. ನೋವಿರುವವರು ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ.

ವೈದ್ಯರು ಹೆಚ್ಚು ಎಚ್ಚರದಿಂದ ಕಾಯುವುದು ಮೊದಲ ವಾರವನ್ನು. ಅನ್ನನಾಳ ಮತ್ತು ಕರುಳಿನ ಜೋಡಣೆ ಸೋರತೊಡಗಿದರೆ ಜ್ವರ, ನಾಡಿಯ ವೇಗ, ಹೊಟ್ಟೆ ಅಥವಾ ಎದೆಯ ನೋವು, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಬೇಗ ತಿಳಿದರೆ ಚಿಕಿತ್ಸೆ ಸಾಧ್ಯ. ಆದ್ದರಿಂದಲೇ ನೀರಿನಿಂದ ಆರಂಭಿಸಿ ದ್ರವಾಹಾರ, ಮೆತ್ತನೆಯ ಆಹಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ. "ಪಾಪ, ಹಸಿದಿದ್ದಾರೆ" ಎಂದು ಕದ್ದು ತಿನ್ನಿಸುವ ಕರುಣೆ ಇಲ್ಲಿ ಅಪಾಯಕಾರಿ. ತೊಡಕುಗಳಿಲ್ಲದಿದ್ದರೆ ಸುಮಾರು ಒಂದರಿಂದ ಎರಡು ವಾರಗಳೊಳಗೆ ಮನೆಗೆ ಕಳುಹಿಸುತ್ತಾರೆ.

ಊಟದ ಹೊಸ ಪಾಠ

ಮೊದಲ ಕೆಲವು ವಾರ ಮೆತ್ತನೆಯ ಆಹಾರ: ಮೊಸರಿನಲ್ಲಿ ಕಲಸಿದ ಮೆದುವಾದ ಅನ್ನ, ಇಡ್ಲಿ, ಹೆಸರುಬೇಳೆಯ ಕಿಚಡಿ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಬೆಲ್ಲ ಹಾಕದ ರಾಗಿ ಗಂಜಿ. ಆನಂತರ ಒಂದೊಂದೇ ಹೊಸ ಪದಾರ್ಥವನ್ನು ಸೇರಿಸಿ ದೇಹದ ಪ್ರತಿಕ್ರಿಯೆ ನೋಡಬೇಕು. ಕೆಲವರಿಗೆ ಮೊದಮೊದಲು ಹಾಲು ಒಗ್ಗುವುದಿಲ್ಲ, ಮೊಸರು ಒಗ್ಗುತ್ತದೆ. ಮುಖ್ಯ ಸೂತ್ರಗಳು ಹೀಗಿವೆ:

ದಿನಕ್ಕೆ ಮೂರು ಊಟದ ಬದಲು ಆರರಿಂದ ಎಂಟು ಸಣ್ಣ ಊಟ. ಹಸಿವು ಕಾಣಿಸದಿದ್ದರೂ ಗಡಿಯಾರ ನೋಡಿ ತಿನ್ನಬೇಕು, ಏಕೆಂದರೆ ಹಸಿವಿನ ಸೂಚನೆ ಕೊಡುವ ಒಂದು ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಜಠರದಲ್ಲೇ.

ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಬೇಕು. ಹಳೆಯ ಮೈಸೂರಿನ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ: ಮುದ್ದೆಯನ್ನು ಅಗಿಯದೆ ನುಂಗುವ ಕ್ರಮ ಇನ್ನು ಸಲ್ಲದು.

ಊಟದ ಜೊತೆ ನೀರು ಬೇಡ. ಅರ್ಧ ಗಂಟೆ ಮೊದಲು ಅಥವಾ ಅರ್ಧ ಗಂಟೆ ನಂತರ ಕುಡಿಯಬೇಕು. ಅನ್ನ ತೇಲುವಷ್ಟು ತಿಳಿಸಾರು ಸುರಿದುಕೊಂಡು ಉಣ್ಣುವುದೂ ನೀರು ಕುಡಿದಂತೆಯೇ. ಗಟ್ಟಿ ಹುಳಿ, ಗಟ್ಟಿ ಮೊಸರು ವಾಸಿ.

ಪ್ರೋಟೀನು ಮೊದಲು, ಅನ್ನ ಆನಂತರ. ಜಾಗ ಕಡಿಮೆಯಿರುವಾಗ ಬೆಲೆಬಾಳುವ ವಸ್ತುವಿಗೆ ಮೊದಲ ಸ್ಥಾನ.

ರಾತ್ರಿಯ ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆ ಅಂತರವಿರಲಿ, ತಲೆಯ ಭಾಗ ಎತ್ತರವಾಗಿರಲಿ. ಪಿತ್ತ ಗಂಟಲಿಗೆ ಬರುವುದು ಇದರಿಂದ ಕಡಿಮೆಯಾಗುತ್ತದೆ.

ಊಟದ ನಂತರ ಬೆವರು, ನಡುಕ

ಬಾಗಿಲು ಕಾಯುವವರಿಲ್ಲದ ಕಾರಣ ಆಹಾರ, ಅದರಲ್ಲೂ ಸಿಹಿ, ರಭಸದಿಂದ ಕರುಳಿಗೆ ಇಳಿಯುತ್ತದೆ. ಇದಕ್ಕೆ ವೈದ್ಯರು 'ಡಂಪಿಂಗ್' ಎನ್ನುತ್ತಾರೆ. ಊಟವಾದ 10ರಿಂದ 30 ನಿಮಿಷಗಳೊಳಗೆ ಹೊಟ್ಟೆ ನುಲಿತ, ಭೇದಿ, ಬೆವರು, ಎದೆಬಡಿತ ಬಂದರೆ ಅದು ಮೊದಲ ಬಗೆ. ಒಂದರಿಂದ ಮೂರು ಗಂಟೆಗಳ ನಂತರ ನಡುಕ, ಕಣ್ಣುಕತ್ತಲೆ, ಗೊಂದಲ ಕಾಣಿಸಿದರೆ ಅದು ಎರಡನೆಯದು. ಸಕ್ಕರೆ ಒಮ್ಮೆಲೇ ಏರಿ, ಅದಕ್ಕೆ ಪ್ರತಿಯಾಗಿ ಇನ್ಸುಲಿನ್ ಹೆಚ್ಚು ಸ್ರವಿಸಿ, ರಕ್ತದ ಸಕ್ಕರೆ ಕುಸಿಯುವುದರಿಂದ ಹೀಗಾಗುತ್ತದೆ.

ನಮ್ಮ ಉಪಚಾರದ ಕ್ರಮವೇ ಇಲ್ಲಿ ತೊಡಕಾಗುತ್ತದೆ. ರೋಗಿಯನ್ನು ನೋಡಲು ಬಂದವರು ಗ್ಲೂಕೋಸ್ ನೀರು, ಹಣ್ಣಿನ ರಸ, ಬೆಲ್ಲದ ಪಾನಕ ಕುಡಿಸಲು ಮುಂದಾಗುತ್ತಾರೆ. ಬಾಳೆಲೆಯ ಊಟವಂತೂ ಪಾಯಸದಿಂದಲೇ ಆರಂಭವಾಗುತ್ತದೆ. ಜಠರವಿಲ್ಲದವರಿಗೆ ಖಾಲಿ ಹೊಟ್ಟೆಯ ಸಿಹಿಯೇ ದೊಡ್ಡ ಶತ್ರು. ಸಿಹಿ ತಿನ್ನಲೇಬೇಕೆಂದಿದ್ದರೆ ಊಟದ ಕೊನೆಯಲ್ಲಿ ಒಂದು ಚಮಚ ಸಾಕು. ಮೊದಲ ಬಗೆಯ ತೊಂದರೆಯಾದರೆ ಅರ್ಧ ಗಂಟೆ ಮಲಗುವುದು ಒಳ್ಳೆಯದು. ಸಕ್ಕರೆ ಕುಸಿದಾಗ ಮಾತ್ರ ಸ್ವಲ್ಪ ಸಿಹಿ ಕೊಟ್ಟು, ಅದರ ಹಿಂದೆಯೇ ಬಿಸ್ಕತ್ತು, ಮೊಟ್ಟೆಯಂಥ ಘನಾಹಾರ ಕೊಡಬೇಕು. ಮದ್ಯ ರಕ್ತಕ್ಕೆ ಬಲುಬೇಗ ಏರುವುದರಿಂದ ದೂರವಿಡುವುದೇ ಕ್ಷೇಮ. ಹೆಚ್ಚಿನವರಲ್ಲಿ ಈ ತೊಂದರೆ ಕೆಲವು ತಿಂಗಳಲ್ಲಿ ತಗ್ಗುತ್ತದೆ.

ಮರೆಯಬಾರದ ಚುಚ್ಚುಮದ್ದು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಇಡೀ ಜಠರ ತೆಗೆಸಿಕೊಂಡವರಿಗೆ ಬಿ 12 ಜೀವಸತ್ವ ಜೀವನಪರ್ಯಂತ ಬೇಕು. ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಚುಚ್ಚುಮದ್ದನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ನೀಡುತ್ತಾರೆ. ಕೆಲವರಿಗೆ ಅಧಿಕ ಪ್ರಮಾಣದ ಮಾತ್ರೆಯನ್ನೂ ಸೂಚಿಸುವುದುಂಟು. ಭಾಗಶಃ ತೆಗೆಸಿಕೊಂಡವರು ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಅಪಾಯವಿರುವುದು ಅದರ ನಿಧಾನಗತಿಯಲ್ಲಿ. ದೇಹದಲ್ಲಿ ಈ ಜೀವಸತ್ವದ ದಾಸ್ತಾನು ಕೆಲವು ವರ್ಷಗಳಿಗೆ ಸಾಕಾಗುವಷ್ಟಿರುತ್ತದೆ. ಚುಚ್ಚುಮದ್ದು ತಪ್ಪಿದರೂ ಮೊದಮೊದಲು ಏನೂ ಆಗುವುದಿಲ್ಲ. ಕ್ಯಾನ್ಸರ್ ಗೆದ್ದ ಸಮಾಧಾನದಲ್ಲಿ ಎಲ್ಲರೂ ಮರೆತಿರುವಾಗ ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ಮರೆವು, ಸುಸ್ತು ಆರಂಭವಾಗುತ್ತವೆ. ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾದರೆ ನರಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು. ಬರಿಯ ಫೋಲಿಕ್ ಆಮ್ಲದ ಮಾತ್ರೆ ರಕ್ತಹೀನತೆಯನ್ನು ಸರಿಪಡಿಸಿ ನರಹಾನಿಯನ್ನು ಮರೆಮಾಚಬಲ್ಲದು. ಸಸ್ಯಾಹಾರಿಗಳಲ್ಲಿ ದಾಸ್ತಾನು ಮೊದಲೇ ಕಡಿಮೆಯಿರುವುದರಿಂದ ಕೊರತೆ ಬೇಗ ತಲೆದೋರಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಊರು ಬದಲಿಸಿದಾಗ ಹೊಸ ವೈದ್ಯರಿಗೆ ಮೊದಲು ತಿಳಿಸಬೇಕಾದ ಮಾತು ಇದೇ.

ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳೂ ಕಡಿಮೆಯಾಗಬಹುದು. ಆಮ್ಲವಿಲ್ಲದವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ರೂಪ ಹೆಚ್ಚು ಸೂಕ್ತ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ, ಕ್ಯಾಲ್ಸಿಯಂಗಳ ಜೊತೆ ತೆಗೆದುಕೊಳ್ಳಬಾರದು. ಗುಲ್ಮವನ್ನೂ ತೆಗೆದಿದ್ದರೆ ನ್ಯುಮೋಕಾಕಸ್ ಮೊದಲಾದ ಸೋಂಕುಗಳ ಲಸಿಕೆ ಅಗತ್ಯ.

ಯಾವಾಗ ವೈದ್ಯರಲ್ಲಿಗೆ ಧಾವಿಸಬೇಕು?

ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಗಾಯದಿಂದ ಕೀವು, ಕಪ್ಪು ಮಲ, ಒಂದೇ ಕಾಲಿನಲ್ಲಿ ಊತ, ಎದೆನೋವು, ಉಸಿರುಗಟ್ಟುವಿಕೆ, ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು. ನುಂಗಿದ ಆಹಾರ ಎದೆಯಲ್ಲೇ ನಿಂತಂತಾದರೆ ಜೋಡಣೆಯ ಜಾಗ ಕಿರಿದಾಗಿರಬಹುದು. ಎಂಡೋಸ್ಕೋಪಿಯ ಮೂಲಕ ಅದನ್ನು ಹಿಗ್ಗಿಸಬಹುದು. ಕ್ಯಾನ್ಸರ್ ರೋಗಿಗಳು ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ವೈದ್ಯರು ಹೇಳಿದ ಅಂತರದಲ್ಲಿ ತಪಾಸಣೆಗೆ ಹೋಗಬೇಕು.

ಮತ್ತೆ ಬದುಕಿಗೆ

ಮೊದಲ ತಿಂಗಳುಗಳಲ್ಲಿ ಶೇ 10ರಿಂದ 20ರಷ್ಟು ತೂಕ ಇಳಿಯುವುದು ಸಾಮಾನ್ಯ. ಆನಂತರ ಅದು ಸ್ಥಿರವಾಗುತ್ತದೆ. ಹಳೆಯ ತೂಕಕ್ಕೆ ಹಿಂದಿರುಗದವರೇ ಹೆಚ್ಚು. "ಎಷ್ಟು ಇಳಿದುಹೋಗಿದ್ದೀರಿ!" ಎಂಬ ನೆಂಟರ ಉದ್ಗಾರಕ್ಕೆ ರೋಗಿ ಕುಗ್ಗಬೇಕಾಗಿಲ್ಲ, ನೆಂಟರೂ ಹಾಗೆನ್ನದಿದ್ದರೆ ಒಳ್ಳೆಯದು. ಆರರಿಂದ ಎಂಟು ವಾರ ಭಾರ ಎತ್ತಬಾರದು. ಕಚೇರಿ ಕೆಲಸಕ್ಕೆ ಎರಡು ಮೂರು ತಿಂಗಳಲ್ಲಿ ಮರಳುವವರಿದ್ದಾರೆ. ಕಿಮೊಥೆರಪಿ ಮುಂದುವರಿದರೆ ಇನ್ನೂ ತಡವಾಗಬಹುದು. ಕೆಲಸದ ನಡುವೆ ಎರಡು ಗಂಟೆಗೊಮ್ಮೆ ತಿನ್ನಲು ಅವಕಾಶ ಬೇಕೆಂದು ಮೇಲಧಿಕಾರಿಗೆ ಮೊದಲೇ ತಿಳಿಸಿ, ಡಬ್ಬಿಯನ್ನು ಜೊತೆಗಿಟ್ಟುಕೊಳ್ಳಬೇಕು.

ಊಟವೆಂದರೆ ನಮ್ಮಲ್ಲಿ ಬಾಂಧವ್ಯ. "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂಬ ಒತ್ತಾಯ ಪ್ರೀತಿಯ ಮಾತು. ಜಠರವಿಲ್ಲದವರ ಮನೆಯಲ್ಲಿ ಆ ಪ್ರೀತಿ ರೂಪ ಬದಲಿಸಬೇಕಾಗುತ್ತದೆ: ಚಿಕ್ಕ ತಟ್ಟೆ, ಅರ್ಧ ಇಡ್ಲಿ, ಅವಸರವಿಲ್ಲದ ಜೊತೆ, ಎರಡು ಗಂಟೆಯ ನಂತರ ಮತ್ತೊಂದು ಅರ್ಧ. ಆರಂಭದಲ್ಲಿ ಅದು ಶಿಕ್ಷೆಯಂತೆ ಕಾಣುತ್ತದೆ. ವರ್ಷ ಕಳೆಯುವುದರೊಳಗೆ ಬಹುತೇಕರಿಗೆ ಅದು ಅಭ್ಯಾಸವಾಗಿರುತ್ತದೆ. ಆಸ್ಪತ್ರೆಯ ಕೊಠಡಿಯಲ್ಲಿ ಕೇಳಿದ ಆ ಮೊದಲ ಪ್ರಶ್ನೆಗೆ ಉತ್ತರ ಹೀಗೆ ದಿನಕ್ಕೆ ಆರೇಳು ಬಾರಿ, ತುತ್ತುತುತ್ತಾಗಿ ದೊರೆಯುತ್ತದೆ.

(ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಔಷಧ, ಆಹಾರ ಹಾಗೂ ಚಿಕಿತ್ಸೆಯ ನಿರ್ಧಾರಗಳನ್ನು ತಮ್ಮ ವೈದ್ಯರೊಡನೆ ಚರ್ಚಿಸಿಯೇ ಕೈಗೊಳ್ಳಬೇಕು.)